ಏಜೆಂಟ್ ಹಾಕಿದ್ದಾಯ್ತು, ಡ್ಯಾಶ್‌ಬೋರ್ಡ್ ಯಾಕೆ ಖಾಲಿ?

ಹೋದ ವರ್ಷ ಒಂದು ಶುಕ್ರವಾರ ರಾತ್ರಿ 14 ಟಾಮ್‌ಕ್ಯಾಟ್ (ಜಾವಾ ವೆಬ್ ಅಪ್ಲಿಕೇಷನ್ ಓಡಿಸುವ ಸಾಫ್ಟ್‌ವೇರ್) ಸರ್ವರ್‌ಗಳಿಗೆ ಮಾನಿಟರಿಂಗ್ ಏಜೆಂಟ್, ಅಂದರೆ ಅಪ್ಲಿಕೇಷನ್ ಒಳಗೆ ಕೂತು ಅದರ ಆರೋಗ್ಯದ ಡೇಟಾ ಡ್ಯಾಶ್‌ಬೋರ್ಡಿಗೆ ಕಳಿಸುವ ಪ್ರೋಗ್ರಾಂ, ಹಾಕುವ ಕೆಲಸ ನಮ್ಮ ತಂಡದ ಪಾಲಿಗೆ ಬಂತು. ಕೈಪಿಡಿಯಲ್ಲಿ ಇದ್ದದ್ದು ಮೂರೇ ಮಾತು: ಜಾರ್ ಫೈಲ್ (ಜಾವಾ ಪ್ರೋಗ್ರಾಮಿನ ಕಟ್ಟು) ಇಳಿಸಿಕೊಳ್ಳಿ, ಸ್ಟಾರ್ಟ್ ಆಗುವಾಗ ಒಂದು ಆಪ್ಷನ್ ಸೇರಿಸಿ, ರೀಸ್ಟಾರ್ಟ್ ಮಾಡಿ. ಹನ್ನೊಂದೂವರೆಗೆ ನೈಟ್ ಶಿಫ್ಟ್ ಹುಡುಗನ ಫೋನ್. “ಸರ್, 11 ಬಂದಿವೆ, 3 ಬಂದಿಲ್ಲ. ಎಲ್ಲದಕ್ಕೂ ಅದೇ ಸ್ಕ್ರಿಪ್ಟ್ ಓಡಿಸಿದ್ದೀನಿ. ಎರರ್ ಏನೂ ಇಲ್ಲ.”

ಈ ಕೆಲಸದ ನಿಜವಾದ ರಗಳೆ ಅದೇ, ಎರರ್ ಇಲ್ಲದಿರುವುದು. ಎರರ್ ಇದ್ದರೆ ಹುಡುಕಬಹುದು, ಯಾರಿಗಾದರೂ ಕಳಿಸಬಹುದು, ಬೈಯಬಹುದು. ಸುಮ್ಮನಿರುವ ಸರ್ವರನ್ನು ಏನಂತ ಕೇಳೋದು? ಆ ಮೂರರಲ್ಲೂ ಮೂರು ಬೇರೆ ಬೇರೆ ಕಾರಣ ಇತ್ತು ಅಂತ ಗೊತ್ತಾಗುವಷ್ಟರಲ್ಲಿ ಬೆಳಗಿನ ಜಾವ ಮೂರು ಗಂಟೆ. ಆ ಹೊತ್ತಿನಲ್ಲಿ ಅರ್ಧಕ್ಕರ್ಧ ಹೋಗಿದ್ದು ಡ್ಯಾಶ್‌ಬೋರ್ಡ್ ಎದುರು ಕೂತು ರಿಫ್ರೆಶ್ ಒತ್ತುವುದರಲ್ಲಿ. ಅವತ್ತಿನಿಂದ ನನ್ನ ಕ್ರಮ ತಿರುಗಿಬಿಟ್ಟಿದೆ: ಡ್ಯಾಶ್‌ಬೋರ್ಡ್ ಮುಚ್ಚಿಡುತ್ತೇನೆ, ಓಡುತ್ತಿರುವ ಪ್ರಾಸೆಸ್‌ನಿಂದ ಹೊರಟು ಒಂದೊಂದೇ ಹೆಜ್ಜೆ ಹೊರಗೆ ಬರುತ್ತೇನೆ. ಆಪ್ಷನ್ ತಲುಪಿತೇ? ಜಾರ್ ತೆರೆಯಿತೇ? ಏಜೆಂಟ್ ಎದ್ದಿತೇ? ಡೇಟಾ ಹೊರಟಿತೇ? ಹೊರಟದ್ದು ಮುಟ್ಟಿತೇ? ಮುಟ್ಟಿದ್ದು ಯಾವ ಹೆಸರಿನಲ್ಲಿ?

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ಲಿನಕ್ಸ್, ಅದರಲ್ಲಿ ಸರ್ವಿಸ್‌ಗಳನ್ನು ಎಬ್ಬಿಸಿ ನಿಲ್ಲಿಸುವ ಸಿಸ್ಟಮ್‌ಡಿ, ಟಾಮ್‌ಕ್ಯಾಟ್ ಮತ್ತು ಓಪನ್‌ಟೆಲಿಮೆಟ್ರಿಯ ಜಾವಾ ಏಜೆಂಟ್. ಓಪನ್‌ಟ್ರೇಸಿಂಗ್, ಓಪನ್‌ಸೆನ್ಸಸ್ ಎಂಬ ಎರಡು ಮಾನಿಟರಿಂಗ್ ಯೋಜನೆಗಳು 2019ರಲ್ಲಿ ಒಂದಾಗಿ ಹುಟ್ಟಿದ್ದೇ ಓಪನ್‌ಟೆಲಿಮೆಟ್ರಿ. ನೀವು ದುಡ್ಡು ಕೊಟ್ಟು ಕೊಂಡ ಬೇರೆ ಕಂಪನಿಯ ಏಜೆಂಟ್ ಬಳಸುತ್ತಿದ್ದರೂ ದಾರಿ ಇದೇ. ವೇರಿಯಬಲ್ ಹೆಸರು, ಪೋರ್ಟ್ ನಂಬರ್ ಬದಲಾಗುತ್ತವೆ ಅಷ್ಟೆ. ಕಮ್ಯಾಂಡ್‌ಗಳನ್ನು ಓದಲು ಸುಲಭವಾಗಲಿ ಅಂತ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಎಂದಿನಂತೆ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ.

ಮೊದಲು ಪ್ರಾಸೆಸ್ಸನ್ನೇ ಕೇಳಿ

ಸರ್ವರಿಗೆ ಲಾಗಿನ್ ಆದ ಕೂಡಲೇ ಕಾನ್ಫಿಗರೇಷನ್ ಫೈಲ್ ತೆರೆಯುವ ಚಟ ನಮ್ಮೆಲ್ಲರಿಗೂ ಇದೆ. ಏನಾಗಬೇಕಿತ್ತು ಅನ್ನುವುದನ್ನು ಫೈಲ್ ಹೇಳುತ್ತದೆ. ಏನಾಗಿದೆ ಅನ್ನುವುದನ್ನು ಹೇಳಬಲ್ಲದ್ದು ಓಡುತ್ತಿರುವ ಪ್ರಾಸೆಸ್ ಮಾತ್ರ.

ಪಿಗ್ರೆಪ್ ಕೊಟ್ಟು ಟಾಮ್‌ಕ್ಯಾಟ್‌ನ ಪ್ರಾಸೆಸ್ ನಂಬರ್ ತೆಗೆದುಕೊಳ್ಳಿ. ಅದು 2318 ಅಂತಿಟ್ಟುಕೊಳ್ಳಿ. ಈಗ /ಪ್ರಾಕ್/2318/ಸಿಎಂಡಿಲೈನ್ ಎಂಬ ಫೈಲ್ ಓದಿ, ಆ ಪ್ರಾಸೆಸ್ ಯಾವ ಆಪ್ಷನ್‌ಗಳೊಂದಿಗೆ ಎದ್ದಿತು ಅನ್ನುವುದು ಅದರಲ್ಲಿರುತ್ತದೆ. ಸುಮ್ಮನೆ ಕ್ಯಾಟ್ ಮಾಡಿದರೆ ಎಲ್ಲ ಅಂಟಿಕೊಂಡು ಉದ್ದನೆಯ ಬಾಲದ ಹಾಗೆ ಕಾಣುತ್ತದೆ, ಯಾಕೆಂದರೆ ಅದರಲ್ಲಿ ಪದಗಳ ನಡುವೆ ಇರುವುದು ಸ್ಪೇಸ್ ಅಲ್ಲ, ಶೂನ್ಯ ಬೈಟ್. ‘ಟಿಆರ್’ ಕಮ್ಯಾಂಡ್‌ನಿಂದ ಶೂನ್ಯ ಬೈಟನ್ನು ಹೊಸ ಸಾಲಾಗಿ ಬದಲಿಸಿ, ಏಜೆಂಟ್ ಸೇರಿಸುವ ಆಪ್ಷನ್ ಆದ ಜಾವಾಏಜೆಂಟ್ ಎಂಬ ಪದ ಎಷ್ಟು ಸಾಲಿನಲ್ಲಿದೆ ಅಂತ ಗ್ರೆಪ್‌ನಿಂದ ಎಣಿಸಿ. ಬರುವ ಉತ್ತರ 0, 1 ಅಥವಾ 2. ನನ್ನ ಅನುಭವದಲ್ಲಿ ಅರ್ಧ ಪ್ರಕರಣಗಳು ಇಲ್ಲೇ ಮುಗಿದುಹೋಗುತ್ತವೆ.

0 ಬಂದರೆ ಆಪ್ಷನ್ ಜೆವಿಎಂಗೆ, ಅಂದರೆ ಜಾವಾ ಪ್ರೋಗ್ರಾಂ ಓಡಿಸುವ ಎಂಜಿನ್‌ಗೆ, ತಲುಪಿಯೇ ಇಲ್ಲ. ನೆಟ್‌ವರ್ಕ್ ತಂಡಕ್ಕೆ ಟಿಕೆಟ್ ಹಾಕುವ ಅಗತ್ಯವಿಲ್ಲ, ಫೈರ್‌ವಾಲ್‌ಗೆ ಬೈಯುವ ಅಗತ್ಯವಂತೂ ಇಲ್ಲವೇ ಇಲ್ಲ. ಒಂದೇ ಒಂದು ಅಪವಾದ: ಆಪ್ಷನ್ನನ್ನು ಜಾವಾ_ಟೂಲ್_ಆಪ್ಷನ್ಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇಟ್ಟಿದ್ದರೆ ಅದು ಸಿಎಂಡಿಲೈನ್‌ನಲ್ಲಿ ಕಾಣುವುದಿಲ್ಲ. ಆಗ ಪಕ್ಕದ ಎನ್ವಿರಾನ್ ಫೈಲ್ ನೋಡಬೇಕು. ಲಾಗ್‌ನ ಶುರುವಿನಲ್ಲಿ ‘ಪಿಕ್ಡ್ ಅಪ್ ಜಾವಾ_ಟೂಲ್_ಆಪ್ಷನ್ಸ್’ ಅಂತ ಜೆವಿಎಂ ತಾನಾಗಿಯೇ ಒಂದು ಸಾಲು ಬರೆದಿರುತ್ತದೆ, ಅದೂ ಸಾಕ್ಷಿ.

2 ಬಂದರೆ ಹಳೆಯ ಏಜೆಂಟ್ ಇನ್ನೂ ಮನೆ ಖಾಲಿ ಮಾಡಿಲ್ಲ. ಎರಡು ಏಜೆಂಟ್‌ಗಳು ಒಂದೇ ಕ್ಲಾಸಿನ ಬೈಟ್‌ಕೋಡ್ (ಕಂಪೈಲ್ ಆದ ಜಾವಾ ಕೋಡ್) ತಿದ್ದಲು ಹೋದಾಗ ಒಮ್ಮೊಮ್ಮೆ ಏನೂ ಆಗುವುದಿಲ್ಲ, ಒಮ್ಮೊಮ್ಮೆ ಟ್ರೇಸ್ (ಒಂದು ರಿಕ್ವೆಸ್ಟ್ ಎಲ್ಲೆಲ್ಲಿ ಹಾದುಹೋಯಿತು ಅನ್ನುವ ದಾಖಲೆ) ಅರ್ಧಕ್ಕೆ ತುಂಡಾಗುತ್ತದೆ, ಒಮ್ಮೊಮ್ಮೆ ಅಪ್ಲಿಕೇಷನ್ನೇ ಏಳುವುದಿಲ್ಲ. ಯಾವುದಾಗುತ್ತದೆ ಅಂತ ಊಹಿಸುತ್ತಾ ಕೂರಬೇಡಿ, ಒಂದನ್ನು ತೆಗೆಯಿರಿ.

1 ಬಂದಿದ್ದರೂ ಆ ಸಾಲು ಎಲ್ಲಿದೆ ಅಂತ ನೋಡಿ. ಜಾವಾಏಜೆಂಟ್ ಆಪ್ಷನ್ ಮುಖ್ಯ ಕ್ಲಾಸಿನ ಹೆಸರಿಗಿಂತ ಅಥವಾ ‘-ಜಾರ್’ ಎಂಬುದಕ್ಕಿಂತ ಮುಂಚೆ ಇರಬೇಕು. ಅವುಗಳ ನಂತರ ಬಂದರೆ ಜಾವಾ ಅದನ್ನು ತನ್ನ ಆಪ್ಷನ್ ಅಂತ ತಿಳಿಯುವುದಿಲ್ಲ. ನಿಮ್ಮ ಪ್ರೋಗ್ರಾಮಿಗೆ ಕೊಟ್ಟ ಮಾತು ಅಂದುಕೊಂಡು ದಾಟಿಸಿಬಿಡುತ್ತದೆ. ಪ್ರೋಗ್ರಾಂ ಅದನ್ನು ಕೇಳಿಸಿಕೊಳ್ಳದೆ ಮುಂದೆ ಹೋಗುತ್ತದೆ. ಎರರ್ ಇಲ್ಲ, ಏಜೆಂಟೂ ಇಲ್ಲ. ಸ್ಪ್ರಿಂಗ್ ಬೂಟ್ ಜಾರ್ ಓಡಿಸುವವರು ಈ ಗುಂಡಿಗೆ ಬೀಳುವುದು ಜಾಸ್ತಿ.

ಓಡುತ್ತಿರುವ ಜಾವಾ ಪ್ರಾಸೆಸ್‌ಗಳನ್ನು ತೋರಿಸುವ ಜೆಪಿಎಸ್ ಕಮ್ಯಾಂಡ್ ಕೊಟ್ಟರೆ ಪಟ್ಟಿ ಖಾಲಿ ಬಂತು ಅಂತ ಗಾಬರಿಯಾಗಬೇಡಿ. ಸಿಸ್ಟಮ್‌ಡಿಯಲ್ಲಿ ಪ್ರೈವೇಟ್‌ಟೆಂಪ್ ಆನ್ ಇದ್ದರೆ ಆ ಸರ್ವಿಸ್‌ನ /ಟೆಂಪ್ ಫೋಲ್ಡರ್ ಬೇರೆ, ನಿಮ್ಮದು ಬೇರೆ. ಜೆಪಿಎಸ್ ಹುಡುಕುವ ಗುರುತು ಆ ಕಡೆ ಉಳಿದಿರುತ್ತದೆ. /ಪ್ರಾಕ್ ಹಾಗೆ ಮೋಸ ಮಾಡುವುದಿಲ್ಲ.

ಆಪ್ಷನ್ ದಾರಿ ತಪ್ಪುವ ಜಾಗಗಳು

ಏಜೆಂಟ್ ಒಳಗೆ ಬರುವ ಬಾಗಿಲು ಯಾವುದು ಅಂತ ಒಂದು ಮಾತು. 2004ರ ಜಾವಾ 5ರಿಂದ ಈ ಜಾವಾಏಜೆಂಟ್ ಆಪ್ಷನ್ ಇದೆ. ಅಪ್ಲಿಕೇಷನ್‌ನ ‘ಮೇನ್’ ಶುರುವಾಗುವ ಮೊದಲೇ ಏಜೆಂಟ್‌ನ ‘ಪ್ರೀಮೇನ್’ ಓಡುತ್ತದೆ, ಆಮೇಲೆ ಲೋಡ್ ಆಗುವ ಕ್ಲಾಸ್‌ಗಳನ್ನು ತಿದ್ದುವ ಹಕ್ಕು ಅದಕ್ಕೆ ಸಿಗುತ್ತದೆ. ಹಾಗಾಗಿ ಫೈಲಿನಲ್ಲಿ ಎಷ್ಟು ಬದಲಾಯಿಸಿದರೂ ರೀಸ್ಟಾರ್ಟ್ ಆಗದೆ ಏನೂ ಆಗದು. ಓಡುತ್ತಿರುವ ಜೆವಿಎಂಗೆ ಏಜೆಂಟ್ ತಗುಲಿಸುವ ದಾರಿ ಜಾವಾ 6ರಿಂದ ಇದೆಯಾದರೂ 2023ರ ಜಾವಾ 21 ಅದಕ್ಕೆ ಎಚ್ಚರಿಕೆ ಕೊಡಲು ಶುರುಮಾಡಿದೆ, ಮುಂದೆ ಆ ಬಾಗಿಲನ್ನು ಡೀಫಾಲ್ಟ್ ಆಗಿ ಮುಚ್ಚುವ ಉದ್ದೇಶ ಅದರದ್ದು. ಪ್ರೊಡಕ್ಷನ್‌ನಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ.

“ಕೈಯಾರೆ ಸ್ಟಾರ್ಟ್ ಮಾಡಿದರೆ ಏಜೆಂಟ್ ಬರುತ್ತೆ, ಸರ್ವರ್ ರೀಬೂಟ್ ಆದರೆ ಬರಲ್ಲ” ಅನ್ನುವ ದೂರು ತಿಂಗಳಿಗೊಮ್ಮೆಯಾದರೂ ಕೇಳುತ್ತೇನೆ. ಕಾರಣ ಹೆಚ್ಚಾಗಿ ಒಂದೇ: ವೇರಿಯಬಲ್ ಇಟ್ಟಿರುವುದು ಬ್ಯಾಶ್‌ಆರ್‌ಸಿಯಲ್ಲೋ /ಇಟಿಸಿ/ಪ್ರೊಫೈಲ್‌ನಲ್ಲೋ. ಅವೆರಡೂ ಲಾಗಿನ್ ಆಗುವ ಮನುಷ್ಯರಿಗೆ. ಸಿಸ್ಟಮ್‌ಡಿ ಅತ್ತ ತಲೆ ಹಾಕಿಯೂ ಮಲಗುವುದಿಲ್ಲ. ಅದಕ್ಕೆ ಬೇಕಾದ್ದನ್ನು ಯೂನಿಟ್ ಫೈಲಿನಲ್ಲಿ (ಆ ಸರ್ವಿಸ್‌ಗೆಂದು ಸಿಸ್ಟಮ್‌ಡಿ ಓದುವ ಸೆಟ್ಟಿಂಗ್ ಫೈಲ್) ಎನ್ವಿರಾನ್‌ಮೆಂಟ್ ಅಥವಾ ಎನ್ವಿರಾನ್‌ಮೆಂಟ್‌ಫೈಲ್ ಎಂಬ ಸಾಲಿನಲ್ಲಿ ಹೇಳಬೇಕು.

ಅಲ್ಲೂ ಒಂದು ಮುಳ್ಳಿದೆ. ಟಾಮ್‌ಕ್ಯಾಟ್‌ಗೆ ಜಾವಾ ಆಪ್ಷನ್ ಕೊಡುವ ವೇರಿಯಬಲ್ ಕ್ಯಾಟಲಿನಾ_ಆಪ್ಟ್ಸ್. ಶೆಲ್ ಅಭ್ಯಾಸದಲ್ಲಿ ‘ಕ್ಯಾಟಲಿನಾ_ಆಪ್ಟ್ಸ್ = ಡಾಲರ್ ಕ್ಯಾಟಲಿನಾ_ಆಪ್ಟ್ಸ್, ಜೊತೆಗೆ ಹೊಸ ಆಪ್ಷನ್’ ಅಂತ ಬರೆದುಬಿಡುತ್ತೇವೆ. ಸಿಸ್ಟಮ್‌ಡಿ ಓದುವ ಫೈಲಿನಲ್ಲಿ ಡಾಲರ್ ಚಿಹ್ನೆಗೆ ಅಂಥ ಮಹಿಮೆ ಇಲ್ಲ. ವೇರಿಯಬಲ್‌ನಲ್ಲಿ ಮೊದಲಿದ್ದ ಬೆಲೆ ಅಲ್ಲಿ ಬಿಡಿಸಿಕೊಳ್ಳುವುದಿಲ್ಲ, ಡಾಲರ್ ಸಮೇತ ಅಕ್ಷರಶಃ ಹೋಗುತ್ತದೆ. ಎನ್ವಿರಾನ್ ಫೈಲ್ ಓದಿದಾಗ ಡಾಲರ್ ಕಂಡರೆ ಇದೇ ರೋಗ ಅಂತ ತಿಳಿಯಿರಿ. ಇನ್ನು ಯೂನಿಟ್ ಫೈಲನ್ನು ನೇರವಾಗಿ ತಿದ್ದಿದ ಮೇಲೆ ಡೇಮನ್-ರಿಲೋಡ್ ಮಾಡದೆ ರೀಸ್ಟಾರ್ಟ್ ಮಾಡಿದರೆ ಹಳೆಯ ಸೆಟ್ಟಿಂಗ್‌ನಲ್ಲೇ ಏಳುತ್ತದೆ. ಅದನ್ನು ಸಿಸ್ಟಮ್‌ಸಿಟಿಎಲ್ ಎಚ್ಚರಿಸುತ್ತದೆ ಕೂಡ, ನಾವು ಓದುವುದಿಲ್ಲ.

ಟಾಮ್‌ಕ್ಯಾಟ್ ಬಳಸುವವರು, ಅದು ಏಳುವಾಗ ಬೇಕಾದ ವೇರಿಯಬಲ್‌ಗಳನ್ನು ಇಡುವ ಸೆಟ್‌ಎನ್ವ್.ಎಸ್‌ಎಚ್ ಎಂಬ ಫೈಲನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆ ರಾತ್ರಿಯ ಮೂರರಲ್ಲಿ ಎರಡು ಕೇಸು ಅದರಿಂದಲೇ. ಈ ಫೈಲ್ ಟಾಮ್‌ಕ್ಯಾಟ್ ಜೊತೆ ಬರುವುದಿಲ್ಲ, ನಾವೇ ಬಿನ್ ಫೋಲ್ಡರಿನಲ್ಲಿ ಮಾಡಿಕೊಳ್ಳಬೇಕು. ಸ್ಟಾರ್ಟ್ ಆಗುವಾಗ ಕ್ಯಾಟಲಿನಾ.ಎಸ್‌ಎಚ್ ಮೊದಲು ಕ್ಯಾಟಲಿನಾ_ಬೇಸ್ (ಈ ಸರ್ವರಿನ ಸ್ವಂತ ಸೆಟ್ಟಿಂಗ್‌ಗಳ ಜಾಗ) ಕೆಳಗಿನ ಬಿನ್‌ನಲ್ಲಿ ಅದನ್ನು ಹುಡುಕುತ್ತದೆ. ಸಿಕ್ಕಿತೋ, ಅಷ್ಟೇ, ಅದನ್ನು ಓದಿ ಮುಂದೆ ಹೋಗುತ್ತದೆ. ಅಲ್ಲಿ ಸಿಗದಿದ್ದರೆ ಮಾತ್ರ ಕ್ಯಾಟಲಿನಾ_ಹೋಮ್ (ಟಾಮ್‌ಕ್ಯಾಟ್ ಇನ್‌ಸ್ಟಾಲ್ ಆದ ಜಾಗ) ಕಡೆ ನೋಡುತ್ತದೆ. ಎರಡನ್ನೂ ಓದುವುದಿಲ್ಲ.

ನಮ್ಮ ಸ್ಕ್ರಿಪ್ಟ್ ಫೈಲ್ ಇಟ್ಟಿದ್ದು ಹೋಮ್‌ನಲ್ಲಿ. 13 ಸರ್ವರ್‌ಗಳಲ್ಲಿ ಹೋಮ್, ಬೇಸ್ ಎರಡೂ ಒಂದೇ ಜಾಗ. ಒಂದರಲ್ಲಿ ಮಾತ್ರ ಯಾರೋ ಪುಣ್ಯಾತ್ಮರು ಹಿಂದೆಂದೋ ಬೇಸ್ ಬೇರೆ ಮಾಡಿ, ಅಲ್ಲೊಂದು ಎರಡು ಸಾಲಿನ ಸೆಟ್‌ಎನ್ವ್ ಇಟ್ಟು, ಹೀಪ್ (ಜಾವಾ ಬಳಸುವ ಮೆಮೊರಿ) ಸೈಜ್ ಬರೆದು ಹೋಗಿದ್ದರು. ನಮ್ಮ ಫೈಲ್ ಹೋಮ್‌ನಲ್ಲಿ ಅಚ್ಚುಕಟ್ಟಾಗಿ ಕೂತಿತ್ತು, ಯಾರೂ ಓದದ ಆಮಂತ್ರಣ ಪತ್ರಿಕೆಯ ಹಾಗೆ. ಸ್ಟಾರ್ಟ್ ಆಗುವಾಗ ‘ಯೂಸಿಂಗ್ ಕ್ಯಾಟಲಿನಾ_ಬೇಸ್’ ಅಂತ ಟಾಮ್‌ಕ್ಯಾಟ್ ತಾನೇ ಹೇಳುತ್ತದೆ. ನಾನು ಅದನ್ನು ವರ್ಷಗಟ್ಟಲೆ ನೋಡಿಯೂ ನೋಡಿರಲಿಲ್ಲ.

ಎರಡನೇ ಕೇಸು ಇನ್ನೂ ನಾಜೂಕು, ಅದನ್ನು ಹೆಸರಿನ ಭಾಗದಲ್ಲಿ ಹೇಳುತ್ತೇನೆ.

ವಿಂಡೋಸ್ ಸರ್ವಿಸ್ ಆಗಿ ಓಡುವ ಟಾಮ್‌ಕ್ಯಾಟ್ ಸೆಟ್‌ಎನ್ವ್.ಬ್ಯಾಟ್ ಅನ್ನು ಓದುವುದೇ ಇಲ್ಲ. ಅಲ್ಲಿ ಟಾಮ್‌ಕ್ಯಾಟ್ ಕಾನ್ಫಿಗರೇಷನ್ ವಿಂಡೋ ತೆರೆದು, ಜಾವಾ ಟ್ಯಾಬಿನಲ್ಲಿ, ಜಾವಾ ಆಪ್ಷನ್ಸ್ ಪೆಟ್ಟಿಗೆಯಲ್ಲಿ ಒಂದು ಸಾಲಿಗೆ ಒಂದರಂತೆ ಬರೆಯಬೇಕು.

ಜಾವಾ_ಆಪ್ಟ್ಸ್ ಬೇಡ, ಕ್ಯಾಟಲಿನಾ_ಆಪ್ಟ್ಸ್ ಬೇಕು

ಎರಡರಲ್ಲಿ ಎಲ್ಲಿ ಹಾಕಿದರೂ ಏಜೆಂಟ್ ಏಳುತ್ತದೆ, ಅದಕ್ಕೇ ಎಷ್ಟೋ ಜನ ಜಾವಾ_ಆಪ್ಟ್ಸ್‌ನಲ್ಲೇ ಹಾಕಿ ಕೈತೊಳೆದುಕೊಳ್ಳುತ್ತಾರೆ. ತೊಂದರೆ ಬರುವುದು ನಿಲ್ಲಿಸುವಾಗ. ಶಟ್‌ಡೌನ್.ಎಸ್‌ಎಚ್ ಕೂಡ ಒಂದು ಪುಟ್ಟ ಜೆವಿಎಂ ಎಬ್ಬಿಸಿ, ಅದರ ಮೂಲಕ ಓಡುತ್ತಿರುವ ಟಾಮ್‌ಕ್ಯಾಟ್‌ಗೆ “ನಿಲ್ಲು” ಅಂತ ಹೇಳಿ ಕಳಿಸುತ್ತದೆ. ಜಾವಾ_ಆಪ್ಟ್ಸ್ ಆ ಪುಟ್ಟ ಜೆವಿಎಂಗೂ ಹೋಗುತ್ತದೆ. ಕ್ಯಾಟಲಿನಾ_ಆಪ್ಟ್ಸ್ ಸ್ಟಾರ್ಟ್ ಆಗುವಾಗ ಮಾತ್ರ.

ಪ್ರೊಮಿಥಿಯಸ್ ಎಂಬ ಮಾನಿಟರಿಂಗ್ ಸಾಧನದ ಜೆಎಂಎಕ್ಸ್ ಎಕ್ಸ್‌ಪೋರ್ಟರ್ ಹಾಕಿದ ಒಂದು ಸರ್ವರಿನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಅದು ಏಜೆಂಟ್ ಆಗಿ ಒಳಗೆ ಕೂತು 9404ರಂಥ ಒಂದು ಪೋರ್ಟ್ ತೆರೆಯುತ್ತದೆ. ಶಟ್‌ಡೌನ್ ಕೊಟ್ಟೆವು. ಪುಟ್ಟ ಜೆವಿಎಂ ಎದ್ದಿತು, ಅದರೊಳಗಿನ ಏಜೆಂಟ್ ಅದೇ 9404 ತೆರೆಯಲು ಹೋಯಿತು, ಆಗಲೇ ಬಳಕೆಯಲ್ಲಿದೆ ಅನ್ನುವ ಎರರ್ ಬಂತು, ಪ್ರೀಮೇನ್‌ನಲ್ಲೇ ಬಿದ್ದುದರಿಂದ ಆ ಜೆವಿಎಂ ಸತ್ತಿತು. “ನಿಲ್ಲು” ಅನ್ನುವ ಮಾತು ಟಾಮ್‌ಕ್ಯಾಟ್‌ಗೆ ತಲುಪಲೇ ಇಲ್ಲ. ಡಿಪ್ಲಾಯ್ ಸ್ಕ್ರಿಪ್ಟ್ 30 ಸೆಕೆಂಡ್ ಕಾದು, ನಿಂತಿದೆ ಅಂದುಕೊಂಡು ಹೊಸ ವಾರ್ ಫೈಲ್ (ಅಪ್ಲಿಕೇಷನ್ ಕಟ್ಟು) ಇಟ್ಟು ಮತ್ತೊಂದು ಟಾಮ್‌ಕ್ಯಾಟ್ ಎಬ್ಬಿಸಲು ಹೋಯಿತು. ಈಗ ಟಾಮ್‌ಕ್ಯಾಟ್‌ನ ಪೋರ್ಟ್ 8080 ಖಾಲಿ ಇಲ್ಲ. ಹೊರಗೆ ನಿಂತು ನೋಡಿದವರಿಗೆ ಕಂಡದ್ದು “ಹೊಸ ರಿಲೀಸ್ ಬರಲಿಲ್ಲ” ಅನ್ನುವುದಷ್ಟೇ. ಮಾನಿಟರಿಂಗ್ ಏಜೆಂಟ್‌ಗೂ ಇದಕ್ಕೂ ನಂಟಿದೆ ಅಂತ ಯಾರ ತಲೆಗೂ ಹೊಳೆಯಲಿಲ್ಲ.

ಜೆವಿಎಂ ಏಳುವುದೇ ಇಲ್ಲ

ಇದು ನನಗೆ ಇಷ್ಟವಾದ ದೋಷ, ಯಾಕೆಂದರೆ ಇದರಲ್ಲಿ ಸದ್ದಾದರೂ ಆಗುತ್ತದೆ. ‘ಎರರ್ ಓಪನಿಂಗ್ ಜಿಪ್ ಫೈಲ್ ಆರ್ ಜಾರ್ ಮ್ಯಾನಿಫೆಸ್ಟ್ ಮಿಸ್ಸಿಂಗ್’ ಅಂತ ಒಂದು ಸಾಲು, ಅದರ ಹಿಂದೆಯೇ ಜೆವಿಎಂ ಶುರುವಾಗಲಿಲ್ಲ ಅನ್ನುವ ಇನ್ನೊಂದು. ಓದಿದವರು ಜಾರ್ ಕೆಟ್ಟಿದೆ ಅಂತ ಮತ್ತೆ ಮತ್ತೆ ಡೌನ್‌ಲೋಡ್ ಮಾಡುತ್ತಾರೆ. ಜಾರ್ ಕೆಟ್ಟಿರುವುದು ಅಪರೂಪ. ದಾರಿ ತಪ್ಪಾಗಿ ಬರೆದಿದ್ದರೂ, ಓದುವ ಅನುಮತಿ ಇಲ್ಲದಿದ್ದರೂ ಜೆವಿಎಂ ಹೇಳುವುದು ಇದೇ ಮಾತು.

ಅನುಮತಿ ಅಂದ ಕೂಡಲೇ ಫೈಲ್ ಮೇಲೆ 644 (ಎಲ್ಲರೂ ಓದಬಹುದು) ಇದೆ ಅಂತ ತೋರಿಸುತ್ತಾರೆ. ಫೈಲ್ ಸರಿ, ಆದರೆ ಅದಕ್ಕೆ ಹೋಗುವ ಓಣಿ? ಜಾರ್ ಇರುವುದು ಯಾರದ್ದೋ ಹೋಮ್ ಫೋಲ್ಡರಿನಲ್ಲಿ, ಆ ಫೋಲ್ಡರಿಗೆ 700, ಅಂದರೆ ಒಡೆಯನಿಗೆ ಮಾತ್ರ ಪ್ರವೇಶ. ಟಾಮ್‌ಕ್ಯಾಟ್ ಯೂಸರ್ ಬಾಗಿಲಲ್ಲೇ ನಿಂತಿರುತ್ತಾನೆ. ‘ನೇಮ್‌ಐ -ಎಲ್’ ಅಂತ ಒಂದು ಕಮ್ಯಾಂಡ್ ಇದೆ; ಜಾರ್‌ನ ಪೂರ್ತಿ ದಾರಿ ಕೊಟ್ಟರೆ ಬೇರಿನಿಂದ ಶುರುಮಾಡಿ ಪ್ರತಿ ಫೋಲ್ಡರಿನ ಅನುಮತಿಯನ್ನೂ ಒಂದರ ಕೆಳಗೊಂದು ತೋರಿಸುತ್ತದೆ. ಇದಕ್ಕಿಂತ ನೇರವಾದ ಪರೀಕ್ಷೆ ಬೇಕಿದ್ದರೆ ಸುಡೋ ಕೊಟ್ಟು ಟಾಮ್‌ಕ್ಯಾಟ್ ಯೂಸರ್ ಆಗಿಯೇ ಆ ಜಾರ್ ಓದಿ ನೋಡಿ. ರೂಟ್ ಆಗಿ ಓದಿ “ನನಗೆ ಬರುತ್ತಲ್ಲ” ಅನ್ನಬೇಡಿ, ರೂಟ್‌ಗೆ ಎಲ್ಲವೂ ಬರುತ್ತದೆ.

ರೆಡ್ ಹ್ಯಾಟ್ ಕುಟುಂಬದ ಸರ್ವರ್ ಆದರೆ ಇನ್ನೊಂದು ಪದರ ಇದೆ, ಫೈಲ್ ಮೇಲಿನ ಲೇಬಲ್ ನೋಡಿ ಯಾರು ಮುಟ್ಟಬಹುದು ಅಂತ ತೀರ್ಮಾನಿಸುವ ಎಸ್‌ಇಲಿನಕ್ಸ್. ಜಾರನ್ನು ನಿಮ್ಮ ಹೋಮ್ ಫೋಲ್ಡರಿಗೆ ಡೌನ್‌ಲೋಡ್ ಮಾಡಿ, ಎಂವಿ ಕೊಟ್ಟು /ಆಪ್ಟ್ ಕೆಳಗೆ ಸರಿಸಿದಿರಿ ಅಂತಿಟ್ಟುಕೊಳ್ಳಿ. ಎಂವಿ ಮಾಡಿದಾಗ ಫೈಲ್ ತನ್ನ ಹಳೆಯ ಲೇಬಲ್ಲನ್ನು ಹೊತ್ತುಕೊಂಡೇ ಬರುತ್ತದೆ. ಸಿಪಿ ಮಾಡಿದರೆ ಹೊಸ ಜಾಗದ ಲೇಬಲ್ ಸಿಗುತ್ತದೆ. ಎಂವಿ ಮಾಡಿದ್ದು ಮಾತ್ರ ಜಾಗ ಬದಲಾದರೂ ಇನ್ನೂ “ಹೋಮ್‌ನ ಫೈಲ್” ಎಂದೇ ಲೆಕ್ಕ. ಎಲ್‌ಎಸ್‌ಗೆ ದೊಡ್ಡ ಝಡ್ ಸೇರಿಸಿ ಲೇಬಲ್ ನೋಡಿ, ರಿಸ್ಟೋರ್‌ಕಾನ್ ಕೊಟ್ಟು ಸರಿಪಡಿಸಿ. ಎಸ್‌ಇಲಿನಕ್ಸನ್ನೇ ಆಫ್ ಮಾಡಿ ಅಂತ ಹೇಳುವ ಹಿತೈಷಿಗಳು ಪ್ರತಿ ಆಫೀಸಿನಲ್ಲೂ ಇರುತ್ತಾರೆ. ಅವರ ಮಾತು ಕೇಳಬೇಡಿ.

‘ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್’ ಅಂತ ಬಂದರೆ ಏಜೆಂಟ್ ಹೊಸದು, ಜಾವಾ ಹಳೆಯದು. ಅದರಲ್ಲಿರುವ ಸಂಖ್ಯೆಗಳ ಅರ್ಥ ಹೀಗೆ: 52 ಅಂದರೆ ಜಾವಾ 8, 55 ಅಂದರೆ 11, 61 ಅಂದರೆ 17, 65 ಅಂದರೆ 21.

ಎದ್ದಿದೆ, ಆದರೆ ಮಾತಾಡುತ್ತಿಲ್ಲ

ಓಪನ್‌ಟೆಲಿಮೆಟ್ರಿ ಏಜೆಂಟ್ ಎದ್ದ ತಕ್ಷಣ ತನ್ನ ಹೆಸರು, ಆವೃತ್ತಿ ಹೇಳುವ ಒಂದು ಸಾಲನ್ನು ಲಾಗಿಗೆ ಬರೆಯುತ್ತದೆ. ಕ್ಯಾಟಲಿನಾ.ಔಟ್‌ನಲ್ಲಿ ಅಥವಾ ಜರ್ನಲ್‌ಸಿಟಿಎಲ್‌ನಲ್ಲಿ ಅದನ್ನು ಹುಡುಕಿ. ಅದಿದ್ದರೆ ಏಜೆಂಟ್ ಬದುಕಿದೆ. ಅದಕ್ಕೂ ಹೆಚ್ಚಿನ ವಿವರ ಬೇಕಿದ್ದರೆ ಡೀಬಗ್ ಆನ್ ಮಾಡಬಹುದು; ಆದರೆ ಲಾಗ್ ಹೊಳೆಯ ಹಾಗೆ ಹರಿಯುತ್ತದೆ, ಹತ್ತು ನಿಮಿಷ ನೋಡಿ ಆಫ್ ಮಾಡಿ. ಮರೆತರೆ ಬೆಳಿಗ್ಗೆ ಡಿಸ್ಕ್ ತುಂಬಿದ ಅಲರ್ಟ್ ಬರುತ್ತದೆ.

ಕೆಲವು ಏಜೆಂಟ್‌ಗಳು ತಮ್ಮದೇ ಫೋಲ್ಡರಿನಲ್ಲಿ ಲಾಗ್ ಬರೆಯುತ್ತವೆ. ಡೆಬಿಯನ್, ಉಬುಂಟು ಕೊಡುವ ಟಾಮ್‌ಕ್ಯಾಟ್ 9 ಪ್ಯಾಕೇಜಿನಲ್ಲಿ ಸಿಸ್ಟಮ್‌ಡಿ ಕಾವಲು ಬಿಗಿ: ಪ್ರೊಟೆಕ್ಟ್‌ಸಿಸ್ಟಮ್ ಸ್ಟ್ರಿಕ್ಟ್ ಇರುವುದರಿಂದ ಹೆಸರಿಸಿದ ಕೆಲವೇ ಜಾಗ ಬಿಟ್ಟು ಮಿಕ್ಕ ಡಿಸ್ಕ್ ಎಲ್ಲ ಆ ಪ್ರಾಸೆಸ್‌ಗೆ ಓದಲು ಮಾತ್ರ. ಫೋಲ್ಡರಿಗೆ 777 ಕೊಟ್ಟರೂ ಬರೆಯಲಾಗದು. ಲಾಗ್ ಜಾಗವನ್ನು ಟಾಮ್‌ಕ್ಯಾಟ್‌ನ ಲಾಗ್ ಫೋಲ್ಡರಿಗೇ ತಿರುಗಿಸಿ, ಇಲ್ಲವೇ ಯೂನಿಟ್‌ನಲ್ಲಿ ರೀಡ್‌ರೈಟ್‌ಪಾತ್ಸ್ ಸೇರಿಸಿ.

ಕರ್ಲ್ ಹೋಗುತ್ತೆ, ಏಜೆಂಟ್ ಹೋಗಲ್ಲ

ಈಗ ಮಾತ್ರ ನೆಟ್‌ವರ್ಕ್ ಕಡೆ ಬನ್ನಿ.

ಮೊದಲು ಪೋರ್ಟ್. ಓಪನ್‌ಟೆಲಿಮೆಟ್ರಿಯಲ್ಲಿ 4317 ಜಿಆರ್‌ಪಿಸಿಗೆ, 4318 ಎಚ್‌ಟಿಟಿಪಿಗೆ; ಇವೆರಡೂ ಡೇಟಾ ಕಳಿಸುವ ಪ್ರೋಟೊಕಾಲ್‌ಗಳು. ಜಾವಾ ಏಜೆಂಟ್ 1ನೇ ಸರಣಿಯಲ್ಲಿ ಡೀಫಾಲ್ಟ್ ಜಿಆರ್‌ಪಿಸಿ ಇತ್ತು. 2024ರ ಆರಂಭದಲ್ಲಿ ಬಂದ 2.0 ಆವೃತ್ತಿ ಅದನ್ನು ಎಚ್‌ಟಿಟಿಪಿ ಮಾಡಿತು. ವಿಳಾಸದಲ್ಲಿ 4317 ಅಂತ ಬರೆದಿಟ್ಟು, ಪ್ರೋಟೊಕಾಲ್ ಏನೂ ಹೇಳದೆ ಬಿಟ್ಟವರು ಏಜೆಂಟ್ ಅಪ್‌ಗ್ರೇಡ್ ಮಾಡಿದ ದಿನ ಡೇಟಾ ಕಳೆದುಕೊಂಡರು. ಏಜೆಂಟ್ ಎಚ್‌ಟಿಟಿಪಿ ಮಾತಾಡುತ್ತಿದೆ, ಆ ಬಾಗಿಲಲ್ಲಿ ಕೂತವನಿಗೆ ಗೊತ್ತಿರುವುದು ಜಿಆರ್‌ಪಿಸಿ. ಪೋರ್ಟ್ ಬದಲಿಸಿ, ಇಲ್ಲವೇ ಪ್ರೋಟೊಕಾಲ್ ಹೆಸರಿಸಿ. ನನ್ನ ಸಲಹೆ ಎರಡನ್ನೂ ಯಾವಾಗಲೂ ಬಾಯಿಬಿಟ್ಟು ಬರೆಯಿರಿ ಅಂತ. ಡೀಫಾಲ್ಟ್ ನಂಬಿದರೆ ಅದು ಬದಲಾದ ದಿನ ನಿಮಗೆ ಹೇಳಿಕಳಿಸುವುದಿಲ್ಲ.

ಅತ್ತ ಏಜೆಂಟ್‌ಗಳಿಂದ ಡೇಟಾ ಪಡೆದು ಮುಂದೆ ಕಳಿಸುವ ಕಲೆಕ್ಟರ್ ಕೂಡ 2024ರಲ್ಲೇ ಒಂದು ಬದಲಾವಣೆ ಮಾಡಿಕೊಂಡಿತು. 0.104 ಆವೃತ್ತಿಯಿಂದ ಅದು ಡೀಫಾಲ್ಟ್ ಆಗಿ ಕೇಳಿಸಿಕೊಳ್ಳುವುದು ಲೋಕಲ್‌ಹೋಸ್ಟ್‌ನಲ್ಲಿ (127.0.0.1, ಅಂದರೆ ಅದೇ ಮೆಷಿನ್‌ನೊಳಗೆ) ಮಾತ್ರ. ಭದ್ರತೆಯ ದೃಷ್ಟಿಯಿಂದ ಒಳ್ಳೆಯದೇ, ಆದರೆ ಬೇರೆ ಸರ್ವರ್‌ಗಳಿಂದ ಡೇಟಾ ಪಡೆಯುತ್ತಿದ್ದ ಕಲೆಕ್ಟರನ್ನು ಅಪ್‌ಗ್ರೇಡ್ ಮಾಡಿದರೆ ಎಲ್ಲ ಏಜೆಂಟ್‌ಗಳಿಗೂ ಒಮ್ಮೆಲೇ ‘ಕನೆಕ್ಷನ್ ರೆಫ್ಯೂಸ್ಡ್’. ಕಲೆಕ್ಟರ್ ಮೆಷಿನ್‌ನಲ್ಲಿ ‘ಎಸ್‌ಎಸ್ -ಎಲ್‌ಟಿಎನ್’ ಕೊಟ್ಟು 4318ರ ಪಕ್ಕ 127.0.0.1 ಇದೆಯೋ, ಬೇರೆ ವಿಳಾಸ ಇದೆಯೋ ನೋಡಿದರೆ ಗೊತ್ತಾಗುತ್ತದೆ.

ಟಾಮ್‌ಕ್ಯಾಟ್ ಸರ್ವರಿನಿಂದ ಕರ್ಲ್ ಮಾಡಿ, ಅಂದರೆ ಕಮ್ಯಾಂಡ್‌ನಿಂದಲೇ ಒಂದು ವೆಬ್ ರಿಕ್ವೆಸ್ಟ್ ಕಳಿಸಿ, ನೋಡುವುದು ವಾಡಿಕೆ. ಕಲೆಕ್ಟರ್‌ನ 4318ಕ್ಕೆ, ವಿ1/ಟ್ರೇಸಸ್ ದಾರಿಗೆ, ಖಾಲಿ ಜೇಸನ್ ಪೋಸ್ಟ್ ಮಾಡಿದರೆ 200 (ಸರಿ ಅನ್ನುವ ಉತ್ತರ) ಬರಬೇಕು. ಬರೀ ಗೆಟ್ ಮಾಡಿ 405 ಬಂದರೂ ಪರವಾಗಿಲ್ಲ, ಬಾಗಿಲಾಚೆ ಜನ ಇದ್ದಾರೆ ಅಂತಾಯ್ತು. ಆದರೆ ಕರ್ಲ್ ಹೋದ ಮಾತ್ರಕ್ಕೆ ಏಜೆಂಟ್ ಹೋಗುತ್ತದೆ ಅನ್ನುವಂತಿಲ್ಲ. ಇದು ನಾನು ಅತ್ಯಂತ ತಡವಾಗಿ ಕಲಿತ ಪಾಠ.

ಕರ್ಲ್ ಎಚ್‌ಟಿಟಿಪಿಎಸ್_ಪ್ರಾಕ್ಸಿ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ನೋಡಿಕೊಂಡು ಪ್ರಾಕ್ಸಿ ಮೂಲಕ ಹೋಗುತ್ತದೆ. ಜಾವಾ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ, ಅದಕ್ಕೆ ಎಚ್‌ಟಿಟಿಪಿಎಸ್.ಪ್ರಾಕ್ಸಿಹೋಸ್ಟ್, ಎಚ್‌ಟಿಟಿಪಿಎಸ್.ಪ್ರಾಕ್ಸಿಪೋರ್ಟ್ ಎಂಬ ಸಿಸ್ಟಮ್ ಪ್ರಾಪರ್ಟಿ ಬೇಕು. ಹಾಗೆಯೇ ಸರ್ಟಿಫಿಕೇಟ್. ಕರ್ಲ್ ನೆಚ್ಚುವುದು ಆಪರೇಟಿಂಗ್ ಸಿಸ್ಟಮ್‌ನ ಸರ್ಟಿಫಿಕೇಟ್ ಕಟ್ಟನ್ನು. ಜಾವಾ ನೆಚ್ಚುವುದು ತನ್ನ ಸಿಎಸರ್ಟ್ಸ್ ಫೈಲನ್ನು. ಡಿಸ್ಟ್ರೋ ಪ್ಯಾಕೇಜಿನಿಂದ ಹಾಕಿದ ಜಾವಾದಲ್ಲಿ ಇವೆರಡಕ್ಕೂ ಸಾಮಾನ್ಯವಾಗಿ ಕೊಂಡಿ ಇರುತ್ತದೆ. ಟಾರ್ ಫೈಲ್ ಬಿಚ್ಚಿ /ಆಪ್ಟ್‌ನಲ್ಲಿಟ್ಟ ಜೆಡಿಕೆ ಆದರೆ ಅದು ತನ್ನ ಡಬ್ಬಿಯನ್ನು ತಾನೇ ತಂದಿರುತ್ತದೆ, ನಿಮ್ಮ ಕಂಪನಿಯ ಒಳಗಿನ ಸರ್ಟಿಫಿಕೇಟ್ ಅದರಲ್ಲಿರುವುದಿಲ್ಲ.

ನಮ್ಮ ಮೂರರಲ್ಲಿ ಒಂದು ಇದೇ. 13 ಸರ್ವರಿನಲ್ಲಿ ಪ್ಯಾಕೇಜ್ ಜಾವಾ, ಒಂದರಲ್ಲಿ ಟಾರ್‌ನಿಂದ ಬಿಚ್ಚಿದ ಜಾವಾ. ಕರ್ಲ್ ನಾಲ್ಕು ಸಲವೂ 200 ಕೊಟ್ಟಿತು. ಸಾಕಷ್ಟು ಹೊತ್ತಾದ ಮೇಲೆ ಕ್ಯಾಟಲಿನಾ.ಔಟ್‌ನಲ್ಲಿ ‘ಪಿಕೆಐಎಕ್ಸ್ ಪಾತ್ ಬಿಲ್ಡಿಂಗ್ ಫೇಲ್ಡ್’, ಅಂದರೆ ಸರ್ಟಿಫಿಕೇಟ್ ನಂಬಲಾಗಲಿಲ್ಲ, ಅನ್ನುವ ಸಾಲು ಕಣ್ಣಿಗೆ ಬಿತ್ತು. ಎರರ್ ಏನೂ ಇಲ್ಲ ಅಂತ ನಮ್ಮ ಹುಡುಗ ಹೇಳಿದ್ದು ಸುಳ್ಳಲ್ಲ. ಅವನು ನೋಡಿದ್ದು ಸ್ಕ್ರಿಪ್ಟ್‌ನ ಔಟ್‌ಪುಟ್. ಕೀಟೂಲ್‌ನಿಂದ ಒಳಗಿನ ಸರ್ಟಿಫಿಕೇಟ್ ಸೇರಿಸಿ ರೀಸ್ಟಾರ್ಟ್ ಮಾಡಿದೆವು, ಎರಡು ನಿಮಿಷದಲ್ಲಿ ಬಂತು. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ.

ಬಂದಿದೆ, ಬೇರೆ ಹೆಸರಿನಲ್ಲಿ

ಮೂರನೆಯ ಸರ್ವರ್ ವಿಷಯದಲ್ಲಿ ಎಲ್ಲವೂ ಸರಿ ಇತ್ತು. ಎಣಿಸಿದರೆ 1, ಆವೃತ್ತಿ ಸಾಲು ಇದೆ, ಎಸ್‌ಎಸ್ ಕೊಟ್ಟರೆ ಕಲೆಕ್ಟರ್‌ಗೆ ಕನೆಕ್ಷನ್ ಕಾಣುತ್ತಿದೆ. ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಇಲ್ಲ. ಕೊನೆಗೆ ಸರ್ವಿಸ್‌ಗಳ ಪಟ್ಟಿಯ ತಳಕ್ಕೆ ಹೋದರೆ ‘ಅನ್‌ನೋನ್_ಸರ್ವಿಸ್:ಜಾವಾ’ ಅನ್ನುವ ಅನಾಮಧೇಯನೊಬ್ಬ ಕೂತಿದ್ದ. ಏಜೆಂಟ್‌ಗೆ ಹೆಸರು ಕೊಡದಿದ್ದರೆ ಅದು ಹೋಗಿ ಸೇರುವುದು ಆ ಹೆಸರಿಗೆ.

ಹೆಸರು ಕೊಟ್ಟಿದ್ದೆವಲ್ಲ! ಸೆಟ್‌ಎನ್ವ್ ತೆರೆದು ನೋಡಿದೆ. ಓಟೆಲ್_ಸರ್ವಿಸ್_ನೇಮ್, ಸಮಚಿಹ್ನೆ, ಹೆಸರು. ಎಲ್ಲ ಸರಿ. ಅದರ ಕೆಳಗಿನ ಸಾಲಿನಲ್ಲಿ ಕ್ಯಾಟಲಿನಾ_ಆಪ್ಟ್ಸ್, ಅದೂ ಅದೇ ರೀತಿ. ಆಪ್ಷನ್ ಕೆಲಸ ಮಾಡಿದೆ, ಹೆಸರು ಮಾಡಿಲ್ಲ. ಹದಿನೈದು ನಿಮಿಷ ಆ ಎರಡು ಸಾಲನ್ನೇ ದಿಟ್ಟಿಸಿದ ಮೇಲೆ ಹೊಳೆಯಿತು: ಹೆಸರಿನ ಸಾಲಿನ ಮೊದಲಿಗೆ ‘ಎಕ್ಸ್‌ಪೋರ್ಟ್’ ಇಲ್ಲ. ಕ್ಯಾಟಲಿನಾ_ಆಪ್ಟ್ಸನ್ನು ಓದುವುದು ಕ್ಯಾಟಲಿನಾ.ಎಸ್‌ಎಚ್ ಸ್ಕ್ರಿಪ್ಟೇ, ಅದೇ ಶೆಲ್‌ನ ಒಳಗೆ. ಅದಕ್ಕೆ ಎಕ್ಸ್‌ಪೋರ್ಟ್ ಬೇಕಿಲ್ಲ. ಓಟೆಲ್_ಸರ್ವಿಸ್_ನೇಮ್ ಓದಬೇಕಾದದ್ದು ಜೆವಿಎಂ ಒಳಗಿನ ಏಜೆಂಟ್. ಎಕ್ಸ್‌ಪೋರ್ಟ್ ಇಲ್ಲದೆ ಅದು ಶೆಲ್ ದಾಟುವುದೇ ಇಲ್ಲ. ಆ ಸರ್ವರಿನಲ್ಲಿ ಮೊದಲೇ ಇದ್ದ ಸೆಟ್‌ಎನ್ವ್‌ಗೆ ಯಾರೋ ಕೈಯಾರೆ ಸಾಲು ಸೇರಿಸಿದ್ದರು, ಸ್ಕ್ರಿಪ್ಟ್ ಅದನ್ನು “ಈಗಾಗಲೇ ಇದೆ” ಅಂತ ಮುಟ್ಟದೆ ಬಿಟ್ಟಿತ್ತು. ಯಾರೋ ಅಂದರೆ ನಾನೇ. ಪರೀಕ್ಷೆಗೆ ಅಂತ ಒಂದು ವಾರ ಮುಂಚೆ.

ಹೆಸರು ಸರಿ ಇದ್ದೂ ಕಾಣದಿದ್ದರೆ ಗಡಿಯಾರ ನೋಡಿ. ಸರ್ವರ್ ಟೈಮ್ 20 ನಿಮಿಷ ಹಿಂದಿದ್ದರೆ, ಕಳೆದ 15 ನಿಮಿಷ ತೋರಿಸುವ ಡ್ಯಾಶ್‌ಬೋರ್ಡಿನಲ್ಲಿ ಅದರ ಡೇಟಾ ಯಾವತ್ತೂ ಕಾಣದು. ಟೈಮ್‌ಡೇಟ್‌ಸಿಟಿಎಲ್ ಕೊಟ್ಟರೆ ಗಡಿಯಾರ ಹೊಂದಿಕೊಂಡಿದೆಯೋ ಇಲ್ಲವೋ ಹೇಳುತ್ತದೆ.

ಕ್ಯುಬರ್ನೆಟಿಸ್‌ನಲ್ಲಿ (ಕಂಟೇನರ್‌ಗಳನ್ನು ಪಾಡ್ ಎಂಬ ಗುಂಪುಗಳಲ್ಲಿ ನಡೆಸುವ ವ್ಯವಸ್ಥೆ) ಓಡಿಸುವವರಿಗೆ ಇಷ್ಟು: ಓಪನ್‌ಟೆಲಿಮೆಟ್ರಿ ಆಪರೇಟರ್ ಓದುವ ಅನೊಟೇಷನ್ ಪಾಡ್ ಟೆಂಪ್ಲೇಟ್‌ನಲ್ಲಿ (ಇಲ್ಲವೇ ನೇಮ್‌ಸ್ಪೇಸ್ ಮೇಲೆ) ಇರಬೇಕು, ಡಿಪ್ಲಾಯ್‌ಮೆಂಟ್‌ನ ತಲೆಯಲ್ಲಿ ಅಲ್ಲ. ಈಗಾಗಲೇ ಓಡುತ್ತಿರುವ ಪಾಡ್‌ಗೆ ಏನೂ ಆಗುವುದಿಲ್ಲ, ಹೊಸ ಪಾಡ್ ಏಳಬೇಕು. ಏಜೆಂಟ್ ಸೇರಿದ ಮೇಲೆ ಅಪ್ಲಿಕೇಷನ್ ಏಳುವುದು ನಿಧಾನವಾಗುತ್ತದೆ. ಅಪ್ಲಿಕೇಷನ್ ಬದುಕಿದೆಯೇ ಅಂತ ನೋಡುವ ಲೈವ್‌ನೆಸ್ ಪ್ರೋಬ್ ತಾಳ್ಮೆಗೆಟ್ಟು ಪಾಡನ್ನು ಕೊಲ್ಲುತ್ತಾ ಹೋದರೆ ದೋಷ ಏಜೆಂಟ್‌ನದ್ದಲ್ಲ, ಪ್ರೋಬ್‌ನ ಗಡುವಿನದ್ದು.

ಈಗ ನಾವು ಹಾಕುವ ರೀತಿ

ಮೂರು ಕೇಸನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಕಂಡದ್ದು: ಏಜೆಂಟ್ ಕಷ್ಟದ್ದಲ್ಲ, ಆಪ್ಷನ್ ಇಡಬಹುದಾದ ಜಾಗಗಳು ವಿಪರೀತ. ಹಾಗಾಗಿ ಜಾಗ ಕಡಿಮೆ ಮಾಡಿದೆವು. ಜಾರ್ ಎಲ್ಲ ಸರ್ವರಿನಲ್ಲೂ /ಆಪ್ಟ್/ಓಟೆಲ್ ಕೆಳಗೆ, ರೂಟ್ ಒಡೆತನದಲ್ಲಿ, ಫೈಲ್ ಹೆಸರಿನಲ್ಲೇ ಆವೃತ್ತಿ ಸಂಖ್ಯೆ; ‘ಕರೆಂಟ್’ ಎಂಬ ಸಿಮ್‌ಲಿಂಕ್ ಅದನ್ನು ತೋರಿಸುತ್ತದೆ. ಹೆಸರು, ವಿಳಾಸ, ಪ್ರೋಟೊಕಾಲ್, ಕ್ಯಾಟಲಿನಾ_ಆಪ್ಟ್ಸ್ ನಾಲ್ಕೂ /ಇಟಿಸಿ/ಓಟೆಲ್ ಕೆಳಗಿನ ಒಂದೇ ಎನ್ವಿರಾನ್‌ಮೆಂಟ್ ಫೈಲಿನಲ್ಲಿ. ಸಿಸ್ಟಮ್‌ಡಿ ಡ್ರಾಪ್-ಇನ್ (ಮೂಲ ಯೂನಿಟ್ ಫೈಲ್ ಮುಟ್ಟದೆ ಸೇರಿಸುವ ತುಣುಕು) ಆ ಫೈಲನ್ನು ಹೆಸರಿಸುತ್ತದೆ, ಅಷ್ಟೇ ಅದರ ಕೆಲಸ. ಎನ್ವಿರಾನ್‌ಮೆಂಟ್‌ಫೈಲ್ ಪ್ರತಿ ಸ್ಟಾರ್ಟ್‌ಗೂ ಹೊಸದಾಗಿ ಓದಲ್ಪಡುವುದರಿಂದ ಮುಂದೆ ಬದಲಾವಣೆಗೆ ಡೇಮನ್-ರಿಲೋಡ್ ಕೂಡ ಬೇಡ. ಎಕ್ಸ್‌ಪೋರ್ಟ್ ಮರೆಯುವ ಪ್ರಶ್ನೆಯೂ ಇಲ್ಲ.

ಸೆಟ್‌ಎನ್ವ್ ಮುಟ್ಟುವುದಿಲ್ಲ. ಒಂದೇ ಷರತ್ತು: ಅದರಲ್ಲಿ ಯಾರಾದರೂ ಕ್ಯಾಟಲಿನಾ_ಆಪ್ಟ್ಸನ್ನು ಹಳೆಯ ಬೆಲೆ ಸೇರಿಸದೆ ಹೊಸದಾಗಿ ಬರೆದಿದ್ದರೆ ನಮ್ಮದು ಅಳಿಸಿಹೋಗುತ್ತದೆ. ಇಲ್ಲಿ ಡಾಲರ್ ಬೇಕು, ಇದು ಶೆಲ್. ಹಾಕುವ ಮೊದಲು ಸ್ಕ್ರಿಪ್ಟ್ ಅದೊಂದನ್ನು ಹುಡುಕಿ, ಕಂಡರೆ ನಿಂತುಬಿಡುತ್ತದೆ.

ಸ್ಕ್ರಿಪ್ಟ್ ಈಗ “ಮುಗಿಯಿತು” ಅನ್ನುವುದು ಫೈಲ್ ಕಾಪಿಯಾದಾಗಲ್ಲ. ರೀಸ್ಟಾರ್ಟ್ ಆಗಿ ಎರಡು ನಿಮಿಷ ಕಾದು ಸಿಎಂಡಿಲೈನ್‌ನಲ್ಲಿ ಎಣಿಸುತ್ತದೆ, 1 ಅಲ್ಲದೆ ಬೇರೇನೇ ಬಂದರೂ ಕೆಂಪು. ಎನ್ವಿರಾನ್‌ನಲ್ಲಿ ಸರ್ವಿಸ್ ಹೆಸರು ಹುಡುಕುತ್ತದೆ. ಲಾಗ್‌ನಲ್ಲಿ ಆವೃತ್ತಿ ಸಾಲು, ಪಿಕೆಐಎಕ್ಸ್, ರೆಫ್ಯೂಸ್ಡ್ ಮೂರನ್ನೂ ಹುಡುಕುತ್ತದೆ. ಒಟ್ಟು ನಲವತ್ತು ಸಾಲಿನ ಶೆಲ್ ಸ್ಕ್ರಿಪ್ಟ್; ಹಲವು ಸರ್ವರ್‌ಗಳನ್ನು ಒಟ್ಟಿಗೆ ನಿಭಾಯಿಸುವ ಆನ್ಸಿಬಲ್ ಅದನ್ನು ಒಂದೊಂದೇ ಸರ್ವರ್ ಮೇಲೆ ಓಡಿಸುತ್ತದೆ, ಮೊದಲ ಕೆಂಪಿಗೆ ನಿಲ್ಲುತ್ತದೆ.

ಮೆಮೊರಿ ಮಾತ್ರ ಕೈಯಾರೆ ನೋಡುತ್ತೇವೆ. 256 ಎಂಬಿ ಹೀಪ್‌ನಲ್ಲಿ ಕಷ್ಟಪಟ್ಟು ಬದುಕುತ್ತಿರುವ ಪುಟ್ಟ ಅಪ್ಲಿಕೇಷನ್‌ಗೆ ಪೂರ್ತಿ ಏಜೆಂಟ್ ಹೊರಿಸಿದರೆ ಮೂಗಿಗಿಂತ ಮೂಗುತಿ ಭಾರ. ಅಂಥವಕ್ಕೆ ಟ್ರೇಸ್ ಬಿಟ್ಟು ಮೆಟ್ರಿಕ್ಸ್ (ಅಂಕಿಅಂಶ) ಅಷ್ಟೇ ಇಡುತ್ತೇವೆ.

ಅಪ್‌ಗ್ರೇಡ್ ಮಾಡುವಾಗ ಹಳೆಯ ಜಾರ್ ಮೇಲೆಯೇ ಹೊಸದನ್ನು ಕಾಪಿ ಮಾಡಬೇಡಿ. ಓಡುತ್ತಿರುವ ಜೆವಿಎಂ ಆ ಫೈಲನ್ನು ತೆರೆದಿಟ್ಟುಕೊಂಡಿರುತ್ತದೆ. ಕೆಳಗಿನಿಂದ ಅದರ ಒಳಗು ಬದಲಾದರೆ ಕ್ಲಾಸ್ ಸಿಗಲಿಲ್ಲ ಅನ್ನುವ ವಿಚಿತ್ರ ಎರರ್‌ಗಳು ಶುರುವಾಗುತ್ತವೆ, ಜಾವಾ 8ರಲ್ಲಿ ಜೆವಿಎಂ ಕ್ರ್ಯಾಶ್ ಆಗುವುದೂ ಉಂಟು. ಹೊಸ ಜಾರ್ ಪಕ್ಕದಲ್ಲಿಟ್ಟು ಸಿಮ್‌ಲಿಂಕ್ ತಿರುಗಿಸಿ, ಆಮೇಲೆ ರೀಸ್ಟಾರ್ಟ್ ಮಾಡಿ. ಹಿಂದೆ ಸರಿಯಬೇಕಾದರೆ ಸಿಮ್‌ಲಿಂಕನ್ನು ಹಳೆಯದಕ್ಕೆ ತಿರುಗಿಸುವುದು. ಏಜೆಂಟೇ ಬೇಡ ಅನ್ನಿಸಿದರೆ ಡ್ರಾಪ್-ಇನ್ ತೆಗೆದು, ಡೇಮನ್-ರಿಲೋಡ್, ರೀಸ್ಟಾರ್ಟ್. ಆಮೇಲೆ ಮತ್ತೆ ಸಿಎಂಡಿಲೈನ್‌ನಲ್ಲಿ ಎಣಿಸಿ. ಈ ಸಲ 0 ಬರಬೇಕು.